ಆಟವೇ ಕಸುಬಾದ ಮೇಳದಲ್ಲಿ

ಕರಾವಳಿಯ ಹಳ್ಳಿಗಳಲ್ಲಿ ಸಂಜೆ ಹೊತ್ತು ‘ಇವತ್ತು ಆಟ ಎಲ್ಲಿ?’ ಎಂದು ಯಾರಾದರೂ ಕೇಳಿದರೆ ಅದು ಕ್ರಿಕೆಟ್ಟಿನ ಮಾತಲ್ಲ, ಯಕ್ಷಗಾನದ್ದು. ಅಲ್ಲಿನ ಆಡುಮಾತಿನಲ್ಲಿ ಯಕ್ಷಗಾನಕ್ಕೆ ಆಟ, ಬಯಲಾಟ ಎಂದೇ ಹೆಸರು. ಆದರೆ ಮೇಳದ ಕಲಾವಿದನಿಗೆ ಈ ಆಟ ಸಂಬಳದ ಕೆಲಸವೂ ಹೌದು. ದೀಪಾವಳಿ ಕಳೆದು ಮೇಳ ಹೊರಟಿತೆಂದರೆ ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ ದಿನಕ್ಕೊಂದು ಊರು, ರಾತ್ರಿಗೊಂದು ಆಟ. ಹಗಲು ಪ್ರಯಾಣ ಮತ್ತು ನಿದ್ದೆ. ಸಂಜೆ ಮತ್ತೆ ಚೌಕಿಯಲ್ಲಿ ಬಣ್ಣ.

ನೌಕರರಲ್ಲಿ ಸೃಜನಶೀಲತೆ ಬೆಳೆಯಬೇಕು, ಕಚೇರಿಯಲ್ಲಿ ಆಟದ ಮನೋಭಾವ ಇರಬೇಕು ಎಂಬ ಮಾತು ಈಗ ಎಲ್ಲ ಕಡೆಯೂ ಕೇಳಿಬರುತ್ತಿದೆ. ಕೆಲವು ಕಂಪೆನಿಗಳು ಕೇರಂ ಬೋರ್ಡು, ಟೇಬಲ್ ಟೆನಿಸ್ ಮೇಜು ತಂದಿಡುತ್ತವೆ; ತರಬೇತಿ ಶಿಬಿರಗಳನ್ನು ನಡೆಸುತ್ತವೆ. ಆದರೆ ಕೆಲಸದ ನಡುವೆ ಬಿಡುವು ಮಾಡಿಕೊಂಡು ಆಡುವುದು ಬೇರೆ, ಕೆಲಸದ ಒಳಗೇ ಆಡುವುದು ಬೇರೆ. ಈ ಎರಡನೆಯದಕ್ಕೆ ಏನೇನು ಬೇಕು ಎಂಬುದನ್ನು ಅರಿಯಲು ಯಕ್ಷಗಾನ ಮೇಳಗಳ ವ್ಯವಸ್ಥೆ ಒಳ್ಳೆಯ ಉದಾಹರಣೆ.

ಪದ್ಯ ಕವಿಯದು, ಮಾತು ನಟನದು

ಯಕ್ಷಗಾನದ ಕಥಾಸಾಹಿತ್ಯಕ್ಕೆ ‘ಪ್ರಸಂಗ’ ಎಂದು ಹೆಸರು. ನಾಟಕದ ಪುಸ್ತಕದಂತೆ ಅದರಲ್ಲಿ ಸಂಭಾಷಣೆ ಇರುವುದಿಲ್ಲ. ಹೆಚ್ಚು ಕಡಿಮೆ ಎಲ್ಲವೂ ಪದ್ಯ. ಭಾಗವತರು ಒಂದು ಪದ್ಯ ಹಾಡುತ್ತಾರೆ, ವೇಷಧಾರಿ ಅದಕ್ಕೆ ಕುಣಿಯುತ್ತಾನೆ, ಬಳಿಕ ಅದರ ಭಾವವನ್ನು ತನ್ನ ಮಾತಿನಲ್ಲಿ ಬಿಡಿಸಿ ಹೇಳುತ್ತಾನೆ. ಈ ಮಾತಿಗೆ ‘ಅರ್ಥ’ ಎನ್ನುತ್ತಾರೆ. ಅದನ್ನು ಯಾರೂ ಬರೆದುಕೊಡುವುದಿಲ್ಲ. ರಂಗದ ಮೇಲೆ, ಎದುರಿನವನ ಮಾತು ಕೇಳಿಸಿಕೊಂಡು, ಆ ಕ್ಷಣದಲ್ಲಿ ಹುಟ್ಟಬೇಕು. ವೇಷ ಮತ್ತು ಕುಣಿತವನ್ನು ಬಿಟ್ಟು, ಕುಳಿತೇ ಅರ್ಥ ಹೇಳುವ ತಾಳಮದ್ದಲೆಯಲ್ಲಂತೂ ಮಾತೇ ಬಂಡವಾಳ.

‘ವಾಲಿವಧೆ’ಯನ್ನೇ ನೋಡಬಹುದು. ಮರದ ಮರೆಯಿಂದ ಬಂದ ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ನಿನಗೂ ನನಗೂ ಏನು ಹಗೆ? ಎದುರು ನಿಂತು ಏಕೆ ಕಾದಲಿಲ್ಲ? ಪ್ರಸಂಗದ ಪದ್ಯಗಳು ಈ ಪ್ರಶ್ನೆಗಳ ಎಳೆಯನ್ನಷ್ಟೇ ಕೊಡುತ್ತವೆ. ಅದನ್ನು ಎಷ್ಟು ದೂರ ಎಳೆಯಬೇಕು, ರಾಜಧರ್ಮದ ಕಡೆಗೋ, ಅಣ್ಣತಮ್ಮಂದಿರ ಸಂಬಂಧದ ಕಡೆಗೋ, ಸಾಯುವವನ ಸಂಕಟದ ಕಡೆಗೋ ಎಂಬುದು ವಾಲಿಯ ಪಾತ್ರಧಾರಿಗೆ ಬಿಟ್ಟದ್ದು. ಇಂದು ಯಾವ ಪ್ರಶ್ನೆ ಬರುತ್ತದೆಂದು ರಾಮನ ಪಾತ್ರಧಾರಿಗೆ ಮೊದಲೇ ತಿಳಿದಿರುವುದಿಲ್ಲ. ಹತ್ತು ಊರಿನಲ್ಲಿ ಅದೇ ಪ್ರಸಂಗ ಆಡಿದರೂ ಹತ್ತು ಬಗೆಯ ವಾದ ಕೇಳುವ ಸಾಧ್ಯತೆ ಇರುವುದು ಹೀಗೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳು ವಾಲಿ, ರಾವಣರಂಥ ಪಾತ್ರಗಳಿಗೂ ತಮ್ಮದೇ ನ್ಯಾಯದ ಬಲ ತಂದುಕೊಟ್ಟದ್ದು ಈ ಬಿಟ್ಟ ಜಾಗದಲ್ಲಿಯೇ.

ಭಾಗವತರ ಕೈಯ ಹಿಡಿತ

ಹಾಗೆಂದು ಬಾಯಿಗೆ ಬಂದದ್ದನ್ನು ಆಡುವ ಸ್ವಾತಂತ್ರ್ಯ ಇಲ್ಲಿಲ್ಲ. ಎಷ್ಟೇ ವಾದಿಸಿದರೂ ವಾಲಿ ಸಾಯಲೇಬೇಕು. ಕಥೆಯ ನಡೆ ತಪ್ಪಬಾರದು. ಮಾತು ಸುತ್ತಾಡಿ ಬಂದರೂ ಮುಂದಿನ ಪದ್ಯಕ್ಕೆ ಎತ್ತುಗಡೆ ಕೊಟ್ಟೇ ನಿಲ್ಲಬೇಕು. ರಂಗದ ನಿರ್ದೇಶಕರು ಭಾಗವತರೇ. ಮಾತು ರಂಗೇರಿದರೆ ಅವರು ಸುಮ್ಮನಿರುತ್ತಾರೆ. ಜಾಳಾದರೆ ಮುಂದಿನ ಪದ್ಯ ಎತ್ತಿಬಿಡುತ್ತಾರೆ. ಬೈಗುಳವಿಲ್ಲ, ಬುದ್ಧಿವಾದವಿಲ್ಲ, ಆಟ ಮುಂದೆ ಸಾಗುತ್ತದೆ. ಮೇಲ್ವಿಚಾರಣೆ ಮಾಡುವವರಿಗೆ ಇದಕ್ಕಿಂತ ನವಿರಾದ ಉಪಾಯ ಸಿಕ್ಕುವುದು ಕಷ್ಟ.

ಎದುರಿನವನ ಕುರಿತೂ ಒಂದು ಕಟ್ಟುಪಾಡಿದೆ. ಅವನು ಉತ್ತರಿಸಲಾಗದ ಪ್ರಶ್ನೆ ಹಾಕಿ ಕಥೆಯನ್ನೇ ಕೆಡವುವುದು ಜಾಣತನವಲ್ಲ. ಅವನಿಗೆ ಮಾತಿನ ಅವಕಾಶ ಮಾಡಿಕೊಡುವವನೇ ಒಳ್ಳೆಯ ಅರ್ಥಧಾರಿ. ಹೀಗೆ ಆಶುವಾಗಿ ಮಾತಾಡುವ ಕಲೆಯ ಅರ್ಧಭಾಗ ಕೇಳಿಸಿಕೊಳ್ಳುವುದರಲ್ಲೇ ಇದೆ.

ಆಟ ಮತ್ತು ಸಂಸ್ಕೃತಿಯ ಸಂಬಂಧವನ್ನು ವಿವೇಚಿಸಿದ ಡಚ್ ಇತಿಹಾಸಕಾರ ಯೋಹಾನ್ ಹುಯಿಜಿಂಗ, 1938ರಲ್ಲಿ ಪ್ರಕಟವಾದ ತಮ್ಮ ‘ಹೋಮೋ ಲೂಡೆನ್ಸ್’ ಗ್ರಂಥದಲ್ಲಿ, ಆಟಕ್ಕೆ ತನ್ನದೇ ಆದ ಎಲ್ಲೆ ಮತ್ತು ನಿಯಮ ಇರುತ್ತದೆ ಎಂದು ತೋರಿಸಿದ್ದರು. ನಿಯಮ ಮುರಿದರೆ ಆಟವೂ ಮುರಿಯುತ್ತದೆ. ಮೇಳದವರು ಆ ಗ್ರಂಥ ಓದಬೇಕಾಗಿರಲಿಲ್ಲ. ಚೌಕಟ್ಟು ಗಟ್ಟಿಯಾಗಿದ್ದರೆ ಮಾತ್ರ ಒಳಗಿನವನು ಧೈರ್ಯವಾಗಿ ಆಡಬಲ್ಲ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು.

ತಪ್ಪುವುದಕ್ಕೂ ಒಂದು ಹೊತ್ತು

ಹೊಸಬನನ್ನು ಮೇಳ ಬೆಳೆಸುವ ಬಗೆ ಇನ್ನೂ ಕುತೂಹಲಕರ. ಇಡೀ ರಾತ್ರಿಯ ಆಟದಲ್ಲಿ ಮುಖ್ಯ ಕಥೆಗೆ ಮೊದಲು ಪೂರ್ವರಂಗ ಇರುತ್ತದೆ. ಕೋಡಂಗಿ, ಬಾಲಗೋಪಾಲ ಮುಂತಾದ ವೇಷಗಳು ಬಂದು ಕುಣಿದು ಹೋಗುತ್ತವೆ. ಜನ ಇನ್ನೂ ಸೇರುತ್ತಿರುವ ಹೊತ್ತು ಅದು. ಕಲಿಯುವ ಹುಡುಗರು ಮೊದಲು ಗೆಜ್ಜೆ ಕಟ್ಟಿ ರಂಗಕ್ಕೆ ಬರುವುದು ಇಲ್ಲಿ. ತಾಳ ತಪ್ಪಿದರೆ ಕಥೆಗೆ ಹಾನಿಯಿಲ್ಲ, ಮೇಳದ ಹೆಸರಿಗೂ ಕುಂದಿಲ್ಲ. ಕಲಿಯುವವನಿಗೆ ಮಾತ್ರ ನಿಜವಾದ ರಂಗ, ನಿಜವಾದ ಚೆಂಡೆ, ನಿಜವಾದ ಪ್ರೇಕ್ಷಕರು.

ಆಮೇಲೆ ದೂತ, ಬಲ, ಸಖಿಯರಂಥ ಸಣ್ಣ ವೇಷ, ಮುಂದೆ ಪುಂಡುವೇಷ, ವರ್ಷಗಳು ಕಳೆದ ಮೇಲೆ ದೊಡ್ಡ ಪಾತ್ರ. ಯಾವ ಪ್ರಸಂಗವೆಂದು ಆಡಿಸುವವರು ಹೇಳಿದ ಮೇಲೆ ಪಾತ್ರ ಹಂಚಿಕೆ. ತಾಲೀಮಿಗೆ ಸಮಯವಿಲ್ಲ. ಗೊತ್ತಿಲ್ಲದ ಪ್ರಸಂಗವಾದರೆ ಬಣ್ಣ ಹಚ್ಚಿಕೊಳ್ಳುತ್ತಲೇ ಹಿರಿಯರಿಂದ ‘ನಡೆ’ ಕೇಳಿಕೊಳ್ಳಬೇಕು. 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. ಅಂಥ ಕೇಂದ್ರಗಳಲ್ಲಿ ಹೆಜ್ಜೆ, ತಾಳ, ಹಾಡು ಕ್ರಮವಾಗಿ ಕಲಿಯಬಹುದು. ಆದರೆ ಅರ್ಥ ಹೇಳುವ ಧೈರ್ಯ ಬರುವುದು ರಂಗದಲ್ಲಿ ತಡವರಿಸಿಯೇ.

ತಪ್ಪಿಗೆ ಅಗ್ಗದ ಜಾಗವೊಂದನ್ನು ಕಾದಿಡುವ ಈ ಕ್ರಮವನ್ನು ಕಾರ್ಖಾನೆಗಳೂ ತಮ್ಮದೇ ರೀತಿಯಲ್ಲಿ ಕಂಡುಕೊಂಡಿವೆ. ಅಮೆರಿಕದ ತ್ರೀಎಂ ಕಂಪೆನಿ, ತಂತ್ರಜ್ಞರು ಕೆಲಸದ ವೇಳೆಯ ಶೇಕಡ 15ರಷ್ಟನ್ನು ತಮಗೆ ತೋಚಿದ ಪ್ರಯೋಗಕ್ಕೆ ಬಳಸಲು ಬಿಟ್ಟಿತ್ತು. ಅಲ್ಲಿನ ವಿಜ್ಞಾನಿ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಬಲವಾದ ಅಂಟು ತಯಾರಿಸಲು ಹೋಗಿ, ಅಂಟಿಸಿದರೂ ಸುಲಭವಾಗಿ ಕಿತ್ತು ಬರುವ ಅಂಟನ್ನು ಪಡೆದರು. ಉಪಯೋಗ ತೋಚಲಿಲ್ಲ. ಚರ್ಚಿನ ಗಾಯನವೃಂದದಲ್ಲಿ ಹಾಡುತ್ತಿದ್ದ ಸಹೋದ್ಯೋಗಿ ಆರ್ಟ್ ಫ್ರೈ ಅವರಿಗೆ, ಹಾಡಿನ ಪುಸ್ತಕದಲ್ಲಿ ಗುರುತಿಗೆ ಇಟ್ಟ ಚೀಟಿಗಳು ಉದುರಿ ಬೀಳುತ್ತಿದ್ದುದು ದೊಡ್ಡ ತಲೆನೋವು. 1974ರಲ್ಲಿ ಅವರಿಗೆ ಆ ಅಂಟಿನ ನೆನಪಾಯಿತು. 1980ರಲ್ಲಿ ಅಮೆರಿಕದಾದ್ಯಂತ ಮಾರಾಟಕ್ಕೆ ಬಂದ ‘ಪೋಸ್ಟ್-ಇಟ್’ ಚೀಟಿಯ ಮೂಲ ಇದು. ಕೆಟ್ಟ ಅಂಟನ್ನು ಅಂದೇ ಚೆಲ್ಲಿಬಿಡಿ ಎನ್ನುವ ಮೇಲಧಿಕಾರಿ ಇದ್ದಿದ್ದರೆ ಆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆಕ್ಷೇಪಗಳೂ ಇವೆ

ಆಶುಮಾತಿನ ಬಗ್ಗೆ ಎಲ್ಲರಿಗೂ ಮೆಚ್ಚುಗೆ ಇತ್ತೆಂದಲ್ಲ. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಗಳಲ್ಲಿ ಮಾತನ್ನೇ ಕೈಬಿಟ್ಟು, ಹಾಡು ಮತ್ತು ಕುಣಿತಗಳಿಂದಲೇ ಕಥೆ ಹೇಳಿಸಿದರು. ಮಾತು ಲಂಬಿಸಿದಾಗ ಕುಣಿತ, ಹಾಡುಗಳ ಸೊಗಸು ಹಿಂದೆ ಸರಿಯುತ್ತದೆ ಎಂಬುದು ಸುಳ್ಳಲ್ಲ. ವಾದ ವೈಯಕ್ತಿಕ ಜಿದ್ದಿಗೆ ತಿರುಗುವುದು, ಚಪ್ಪಾಳೆಗಾಗಿ ಅಗ್ಗದ ಹಾಸ್ಯ ನುಸುಳುವುದು, ಪುರಾಣದ ಪಾತ್ರದ ಬಾಯಲ್ಲಿ ಊರ ರಾಜಕೀಯ ಬರುವುದು ರಸಿಕರ ಹಳೆಯ ದೂರುಗಳು.

ಇನ್ನೊಂದು ಮಾತನ್ನೂ ಮರೆಯುವಂತಿಲ್ಲ. ಆಟದ ಖುಷಿ ಹೊಟ್ಟೆ ತುಂಬಿಸುವುದಿಲ್ಲ. ಮೇಳದ ತಿರುಗಾಟ ವರ್ಷದಲ್ಲಿ ಆರು ತಿಂಗಳ ಕೆಲಸ. ಮಳೆಗಾಲದಲ್ಲಿ ಕೆಲವರು ಬೇಸಾಯಕ್ಕೆ ಮರಳಿದರೆ, ಕೆಲವರು ತಾಳಮದ್ದಲೆಗೆ ಹೋಗುತ್ತಾರೆ. ಮತ್ತೆ ಕೆಲವರು ನಾಲ್ಕೈದು ಜನರ ‘ಚಿಕ್ಕಮೇಳ’ ಕಟ್ಟಿಕೊಂಡು ಮನೆಮನೆಗೆ ತೆರಳಿ ಆಡುತ್ತಾರೆ. ನೌಕರರ ಸೃಜನಶೀಲತೆಯನ್ನು ಹೊಗಳುವವರು ಅವರ ಸಂಬಳ, ಭದ್ರತೆಗಳ ಪ್ರಶ್ನೆಯನ್ನು ಬದಿಗೆ ಸರಿಸಿದರೆ ಆ ಹೊಗಳಿಕೆಗೆ ಅರ್ಥವಿಲ್ಲ. ನಾಳೆಯ ಊಟದ ಚಿಂತೆ ಇರುವವನು ಹೊಸದನ್ನು ಪ್ರಯತ್ನಿಸಿ ಸೋಲುವ ಧೈರ್ಯ ಮಾಡುವುದು ವಿರಳ.

ಕಾಲಮಿತಿಯ ನಂತರ

ಇತ್ತೀಚಿನ ವರ್ಷಗಳಲ್ಲಿ ಹಲವು ಆಟಗಳು ‘ಕಾಲಮಿತಿ’ಗೆ ಒಳಪಟ್ಟಿವೆ. ಇಡೀ ರಾತ್ರಿ ನಡೆಯುತ್ತಿದ್ದುದು ಐದಾರು ಗಂಟೆಗಳಲ್ಲಿ ಮುಗಿಯುತ್ತದೆ. ರಾತ್ರಿ 10ರ ನಂತರ ಧ್ವನಿವರ್ಧಕವನ್ನು ನಿರ್ಬಂಧಿಸುವ 2000ದ ಶಬ್ದಮಾಲಿನ್ಯ ನಿಯಮಗಳು, ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರು, ನಿದ್ದೆಗೆಟ್ಟ ಕಲಾವಿದರ ಆರೋಗ್ಯ ಇವೆಲ್ಲ ಅದಕ್ಕೆ ಕಾರಣಗಳು. ಯಾವುದನ್ನೂ ಅಲ್ಲಗಳೆಯುವಂತಿಲ್ಲ. ಆಟ ಬಿಗಿಯಾಯಿತು, ಕುಟುಂಬ ಸಮೇತ ನೋಡಿ ಮನೆಗೆ ಮರಳುವಂತಾಯಿತು ಎಂದು ಸಂತೋಷಪಡುವವರೂ ಇದ್ದಾರೆ.

ಆದರೆ ಸಮಯ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ಆಮೇಲೆ ಮಾತಿಗೆ. ಕಥೆಗೆ ನೇರವಾಗಿ ಬೇಡದ್ದು ಎಂದು ತೆಗೆದುಹಾಕಿದ ಆ ಒಂದೆರಡು ಗಂಟೆಗಳಲ್ಲಿಯೇ ಮುಂದಿನ ಪೀಳಿಗೆಯ ಕಲಾವಿದರು ತಯಾರಾಗುತ್ತಿದ್ದರು. ಗಡಿಯಾರ ನೋಡುತ್ತ ಆಡಬೇಕಾದಾಗ ಹೊಸ ವಾದ ಹೂಡುವುದಕ್ಕಿಂತ, ಈಗಾಗಲೇ ಗೆದ್ದ ಹಿರಿಯರ ಮಾತನ್ನು ಧ್ವನಿಸುರುಳಿ, ವೀಡಿಯೊಗಳಿಂದ ಬಾಯಿಪಾಠ ಮಾಡಿ ಒಪ್ಪಿಸುವುದೇ ಕ್ಷೇಮವೆಂದು ಕಿರಿಯನಿಗೆ ತೋರಿದರೆ ಅವನನ್ನು ದೂರುವಂತಿಲ್ಲ.

ಕಚೇರಿ, ಕಾರ್ಖಾನೆ, ಶಾಲೆಗಳಲ್ಲೂ ಆಗುವುದು ಇದೇ. ಲೆಕ್ಕಕ್ಕೆ ಸಿಗದ ಹೊತ್ತನ್ನೆಲ್ಲ ಉಳಿತಾಯವೆಂದು ಕತ್ತರಿಸಿದ ಮೇಲೆ, ಹೊಸ ಯೋಚನೆ ಏಕೆ ಬರುತ್ತಿಲ್ಲ ಎಂದು ಸಭೆ ಕರೆಯಲಾಗುತ್ತದೆ. ಮೇಳಗಳಿಗೆ ದಾರಿ ಇಲ್ಲದಿಲ್ಲ. ಕಾಲಮಿತಿಯೊಳಗೇ ಕೋಡಂಗಿಗೆ ಅರ್ಧ ಗಂಟೆ ಉಳಿಸಬಹುದು; ಮಳೆಗಾಲದ ತಾಳಮದ್ದಲೆಯಲ್ಲಿ ಹಿರಿಯರ ಎದುರು ಕಿರಿಯರನ್ನು ಕೂರಿಸಬಹುದು. ಇಂದು ಸಭೆಯನ್ನು ಗೆಲ್ಲುವ ವಾಲಿಯೂ ಒಂದು ಕಾಲಕ್ಕೆ, ಜನ ಇನ್ನೂ ಬಂದು ಕೂರುವ ಮೊದಲೇ, ತಾಳ ತಪ್ಪಿ ಕುಣಿದ ಕೋಡಂಗಿಯಾಗಿದ್ದವನೇ.