ಹಿತ್ತಲ ಕೊಳದ ಇರುಳಿನ ಲೆಕ್ಕ

ಕೊಡಗಿನ ಮಳೆಗಾಲದ ಒಂದು ಮುಂಜಾವ. ನಮ್ಮ ಹಿತ್ತಲ ಕೊಳದ ಕೋಯಿ ಮೀನುಗಳು, ಎಂದರೆ ಜಪಾನೀಯರು ಬಣ್ಣಕ್ಕಾಗಿ ಬೆಳೆಸಿದ ಗೆಂಡೆಗಳು, ನೀರಿನ ಮೇಲ್ಮೈಗೆ ಬಂದು ಬಾಯ್ದೆರೆಯುತ್ತಿದ್ದುವು. ಹಸಿವೆಂದು ಬಗೆದು ಆಹಾರವನ್ನೆರಚಿದೆವು. ಎರಡು ಮೀನುಗಳು ಸತ್ತುವು. ಅವುಗಳಿಗೆ ಬೇಕಾಗಿದ್ದುದು ಉಸಿರು.

ಮಡಿಕೇರಿಯ ಎತ್ತರದಲ್ಲಿ, 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ 1 ಲೀಟರ್ ನೀರು ಗಾಳಿಯಿಂದ ಹೀರಬಲ್ಲ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಅಷ್ಟೇ ಗಾಳಿಯಲ್ಲಿರುವುದರ ಮೂವತ್ತರಲ್ಲೊಂದು ಪಾಲು. ನೀರೊಳಗಿನ ಸಸ್ಯಗಳೂ ಪಾಚಿಯೂ ಹಗಲಿನ ಬೆಳಕಿನಲ್ಲಿ ಈ ಬೊಕ್ಕಸಕ್ಕೆ ಸೇರಿಸುತ್ತವೆ. ಇರುಳಿನಲ್ಲಾದರೋ ಮೀನಿನಂತೆಯೇ ಉಸಿರಾಡಿ ವ್ಯಯಿಸುತ್ತವೆ. ಕೊಳೆತೆಲೆಗಳಲ್ಲಿನ ಸೂಕ್ಷ್ಮಜೀವಿಗಳೂ ಪಾಲು ಕೇಳುತ್ತವೆ. ಆದುದರಿಂದ ಸೂರ್ಯೋದಯಕ್ಕೆ ಮುನ್ನ ಕೊರತೆ ಅತ್ಯಧಿಕ. ಸುರಿವ ಮಳೆ ನೀರನ್ನು ಕಲಕಿ ಗಾಳಿಯನ್ನು ಬೆರೆಸುತ್ತದೆ. ಮಳೆ ನಿಂತು ಮೋಡವಷ್ಟೇ ಉಳಿದ ದಿನ ಆ ನೆರವೂ ಇಲ್ಲ, ಬೆಳಕೂ ಇಲ್ಲ. ನಮ್ಮಲ್ಲಂತೂ ನೈದಿಲೆಯ ಎಲೆಗಳು ಇಡೀ ಕೊಳವನ್ನು ಮುಚ್ಚಿದ್ದುವು.

ಈಗ ನಾವು ನೈದಿಲೆಯನ್ನು ಕುಂಡದಲ್ಲಿ ನೆಟ್ಟು, ಮೀನು ಮಣ್ಣನ್ನು ಕೆದಕದಂತೆ ದಪ್ಪ ಹೊಳೆಗಲ್ಲುಗಳನ್ನು ಹರಡಿದ್ದೇವೆ. ಅರ್ಧ ಕೊಳ ತೆರೆದಿದೆ. ಉದುರೆಲೆಗಳನ್ನು ತೆಗೆಯುತ್ತೇವೆ. ಇರುಳೆಲ್ಲ ಸಣ್ಣ ಪಂಪು ನೀರನ್ನೆತ್ತಿ ಸುರಿಸುತ್ತದೆ. ಕೊಳವನ್ನು ಸಾಕುವವರು ಅದರ ಚೆಲುವನ್ನು ಹಗಲಿನಲ್ಲಿ ನೋಡಲಿ. ಆರೋಗ್ಯವನ್ನು ಮಾತ್ರ ಬೆಳಗಿನ ಜಾವದಲ್ಲಿ ಪರೀಕ್ಷಿಸಬೇಕು.