ಖಾಲಿ ಗಾಜಿನೊಳಗೆ 1765

ನೋಡಿದರೆ ಖಾಲಿ ಗಾಜು. ಕಂಬದ ತುಂಡಿನ ಹಾಗೆ ಉರುಟಾಗಿದೆ, ಒಳಗಿರುವುದು ಗಾಳಿ. ಆದರೆ ಅದು 1765ರ ಗಾಳಿ. ಪ್ರಯೋಗಾಲಯದಲ್ಲಿ ಅಳತೆ ನೋಡಿ ಬೆರೆಸಿದ್ದಲ್ಲ, ಆ ಕಾಲದಲ್ಲಿ ನಿಜವಾಗಿ ಬೀಸಿದ್ದು.

2021ರ ಕೊನೆಯಲ್ಲಿ ಗ್ಲಾಸ್ಗೊ ನಗರದಲ್ಲಿ ಹವಾಮಾನ ಶೃಂಗಸಭೆ ಸೇರಿದ್ದಾಗ, ಕ್ಲೈಡ್ ನದಿಯ ದಡದ ವಿಜ್ಞಾನ ಕೇಂದ್ರದಲ್ಲಿ ಇದನ್ನು ಇಟ್ಟವರು ಬ್ರಿಟನ್ನಿನ ಕಲಾವಿದ ವೇಯ್ನ್ ಬಿನೀಟಿ. ಪ್ರದರ್ಶನದ ಹೆಸರು 'ಪೋಲಾರ್ ಜೀರೊ'. ಗಾಳಿ ಬಂದದ್ದು ಅಂಟಾರ್ಕ್ಟಿಕಾದ ಮಂಜುಗಡ್ಡೆಯಿಂದ. ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ವಿಜ್ಞಾನಿಗಳು ಇದರಲ್ಲಿ ಪಾಲುದಾರರು. ಕಲಾಕೃತಿ ಅಂದಮೇಲೆ ಕಣ್ಣಿಗೆ ಏನಾದರೂ ಬೀಳಬೇಕು ಎನ್ನುವವರು ಇಲ್ಲಿ ಪೆಚ್ಚಾಗುತ್ತಾರೆ. ನನಗಂತೂ ಏನೂ ಕಾಣದಿರುವುದೇ ಇದರ ಜಾಣತನ ಅನ್ನಿಸುತ್ತದೆ. ಅಷ್ಟು ದೇಶಗಳು ಕೂತು ಜಗಳಾಡುತ್ತಿದ್ದ ವಸ್ತುವಾದರೂ ಕಣ್ಣಿಗೆ ಕಾಣುವಂಥದ್ದೇ?

ಅಷ್ಟು ಹಳೆಯ ಗಾಳಿ ಸಿಗುವುದು ಹೇಗೆ? ಅಂಟಾರ್ಕ್ಟಿಕಾದಲ್ಲಿ ಬಿದ್ದ ಹಿಮ ಕರಗುವುದಿಲ್ಲ, ಅದರ ಮೇಲೆ ಮರುವರ್ಷದ ಹಿಮ ಬಂದು ಕೂರುತ್ತದೆ. ಹೀಗೆ ಅದುಮುತ್ತಾ ಅದುಮುತ್ತಾ ಸುಮಾರು 60ರಿಂದ 100 ಮೀಟರ್ ಆಳಕ್ಕಿಳಿಯುವಷ್ಟರಲ್ಲಿ ಸಂದುಗಳೆಲ್ಲ ಮುಚ್ಚಿ ಗುಳ್ಳೆಗಳಾಗುತ್ತವೆ. ಅಲ್ಲಿಯ ತನಕ ಮೇಲಿನ ಗಾಳಿ ಒಳಗೂ ಹೊರಗೂ ಆಡುತ್ತಲೇ ಇರುತ್ತದೆ. ಹಾಗಾಗಿ ಗುಳ್ಳೆಯ ಗಾಳಿ ತನ್ನನ್ನು ಹಿಡಿದಿಟ್ಟ ಮಂಜುಗಡ್ಡೆಗಿಂತ ವಯಸ್ಸಿನಲ್ಲಿ ಚಿಕ್ಕದು, ಅಜ್ಜನ ತೊಡೆಯ ಮೇಲೆ ಕೂತ ಮೊಮ್ಮಗನ ಹಾಗೆ. ಒಂದು ಕೆಜಿ ಗಡ್ಡೆ ಕರಗಿದರೆ ಸಿಗುವುದು 100 ಮಿಲಿಲೀಟರಿನ ಆಸುಪಾಸು, ಒಂದು ಸಣ್ಣ ಲೋಟದಷ್ಟು.

ಉಗ್ರಾಣವೇನೂ ಸಣ್ಣದಲ್ಲ. ನಾಲ್ಕು ಭಾರತ ಹಿಡಿಸಿ ಇನ್ನೂ ಜಾಗ ಉಳಿಯುವ ಖಂಡ, ಅದರ ಮೇಲೆ ಸರಾಸರಿ 2 ಕಿಲೋಮೀಟರ್ ದಪ್ಪದ ಹೊದಿಕೆ. ಡೋಮ್ ಸಿ ಎಂಬಲ್ಲಿ ಯುರೋಪಿನ ವಿಜ್ಞಾನಿಗಳು 3 ಕಿಲೋಮೀಟರಿಗೂ ಆಳಕ್ಕೆ ಕೊರೆದು 8 ಲಕ್ಷ ವರ್ಷಗಳಷ್ಟು ಹಿಂದಕ್ಕೆ ಹೋದರು. ಆ 8 ಲಕ್ಷ ವರ್ಷವನ್ನು ಒಂದು ದಿನ ಎಂದುಕೊಂಡರೆ 1765ರಿಂದ 2021ರವರೆಗಿನ ಅವಧಿ ಬರೀ 28 ಸೆಕೆಂಡು.

ಆ 28 ಸೆಕೆಂಡು ಶುರುವಾಗುವ ಹೊತ್ತಿಗೆ, ಅದೇ ಗ್ಲಾಸ್ಗೊದ ಹುಲ್ಲುಗಾವಲಿನಲ್ಲಿ ಅಡ್ಡಾಡುತ್ತಿದ್ದ ಜೇಮ್ಸ್ ವಾಟ್‌ಗೆ ಉಗಿಯಂತ್ರವನ್ನು ಸುಧಾರಿಸುವ ದಾರಿ ಹೊಳೆಯಿತು. ಇತ್ತ ಹೈದರಾಲಿ ಬಿದನೂರು ಗೆದ್ದು ಎರಡು ವರ್ಷವಾಗಿತ್ತು. ಗಾಳಿ ಒಂದೆರಡು ವರ್ಷದೊಳಗೆ ಭೂಮಿಯನ್ನೆಲ್ಲ ಸುತ್ತಿ ಬೆರೆತುಬಿಡುತ್ತದೆ. ಅಂದಮೇಲೆ ಘಟ್ಟ ಹತ್ತಿದ ಅವನ ಕುದುರೆಗಳ ಏದುಸಿರೂ ದಕ್ಷಿಣ ಧ್ರುವದ ಹಿಮದೊಳಗೆ ಒಂದಿಷ್ಟು ಹೊಕ್ಕಿರಲೇಬೇಕು.

ಈಗ ಗಾಜಿನ ಎರಡು ಮಗ್ಗುಲು ನೋಡಿ. ಒಳಗೆ ಹತ್ತು ಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280. ಹೊರಗೆ, ಅದನ್ನು ನೋಡಲು ಬಂದವರು ಉಸಿರಾಡುತ್ತಿದ್ದ 2021ರ ಗಾಳಿಯಲ್ಲಿ, ಸುಮಾರು 415. ಹೆಚ್ಚಾದದ್ದು 135. ಹತ್ತು ಲಕ್ಷಕ್ಕೆ 135 ಅಂದರೆ ಚಿಲ್ಲರೆ, ಅಂಗಡಿಯವನಾದರೆ ಲೆಕ್ಕಕ್ಕೇ ಹಿಡಿಯುವುದಿಲ್ಲ. ಡೋಮ್ ಸಿಯ 8 ಲಕ್ಷ ವರ್ಷಗಳಲ್ಲಿ ಆ ಲೆಕ್ಕ ಒಮ್ಮೆಯೂ 300 ದಾಟಿರಲಿಲ್ಲ ಎಂಬುದು ಗೊತ್ತಾದ ಮೇಲೆ ಚಿಲ್ಲರೆ ಎನ್ನಲು ಬಾಯಿ ಬರುವುದಿಲ್ಲ.

ತಕ್ಕಡಿಗೆ ಹಾಕಿದರಂತೂ ಎದೆ ಝಲ್ಲೆನ್ನುತ್ತದೆ. ಹತ್ತು ಲಕ್ಷಕ್ಕೆ ಒಂದು ಅಣು ಹೆಚ್ಚಾಗಬೇಕಾದರೆ ಇಡೀ ವಾತಾವರಣಕ್ಕೆ 780 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಸೇರಬೇಕು. 135ಕ್ಕೆ? ಒಂದು ಲಕ್ಷ ಕೋಟಿ ಟನ್ನಿಗೂ ಮೇಲೆ. ದಸರಾದಲ್ಲಿ ಅಂಬಾರಿ ಹೊರುವ ಆನೆ ಐದು ಟನ್ ತೂಗುತ್ತದೆ ಎಂದುಕೊಳ್ಳೋಣ. 20,000 ಕೋಟಿ ಆನೆ! ಲೋಕದ ಜನಕ್ಕೆಲ್ಲ ಹಂಚಿದರೆ, ಹಾಲುಗಲ್ಲದ ಕೂಸೂ ಸೇರಿ, ತಲೆಗೆ 25. ಸಮುದ್ರವೂ ಕಾಡೂ ನುಂಗಿಕೊಂಡಿದ್ದು ಇದರಲ್ಲಿಲ್ಲ. ಇದು ಇನ್ನೂ ಗಾಳಿಯಲ್ಲೇ ತೇಲುತ್ತಿರುವ ಆನೆಗಳ ಲೆಕ್ಕ.

ಇಷ್ಟನ್ನೂ ಕರಗಿಸಿಕೊಂಡ ಗಾಳಿ ಇವತ್ತಿಗೂ ತಿಳಿಯಾಗಿಯೇ ಇದೆ. ಎರಡು ಶತಮಾನಗಳ ಗಾಳಿಯನ್ನು ಅಕ್ಕಪಕ್ಕದ ಎರಡು ಸೀಸೆಗಳಲ್ಲಿ ಇಟ್ಟರೆ ಯಾವುದು ಯಾವುದೆಂದು ನೋಡಿ ಹೇಳಲಾಗದು.

ಶೃಂಗಸಭೆ ಹೆಚ್ಚುಕಡಿಮೆ ಎರಡು ವಾರ ನಡೆಯಿತು. ಕಲ್ಲಿದ್ದಲು, ಎಣ್ಣೆ, ಅನಿಲಗಳ ಹೊಗೆಯಿಂದ ಆ ವರ್ಷ ದಿನಕ್ಕೆ ಸರಾಸರಿ 10 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತಿತ್ತು. ಮಾತುಕತೆ ಮುಗಿದು ಪ್ರತಿನಿಧಿಗಳು ಸೂಟ್‌ಕೇಸ್ ಕಟ್ಟುವ ಹೊತ್ತಿಗೆ ಇನ್ನೂ 28 ಕೋಟಿ ಆನೆಗಳು ಗಾಳಿಗೆ ಬಂದಿದ್ದವು. ನದಿಯ ದಡದ ಗಾಜಿನೊಳಗೆ ಮಾತ್ರ ಆಗಲೂ 280.