ಕಾರಿನ ಹಿಂಭಾಗ ಕುಸಿದರೆ ನೋಡಬೇಕಾದ್ದೆಲ್ಲಿ?

ನಮ್ಮ ಸದಸ್ಯರಲ್ಲಿ ಹಲವರು ಜೀಪು ಬಿಟ್ಟು ದೊಡ್ಡ ಸೆಕೆಂಡ್ ಹ್ಯಾಂಡ್ ಕಾರುಗಳನ್ನು ಕೊಂಡಿರುವುದು ಸರಿಯಷ್ಟೆ. ಇವುಗಳಲ್ಲಿ ಕೆಲವಕ್ಕೆ, ಹಿಂದೆ ಎಷ್ಟೇ ಭಾರ ಹೇರಿದರೂ ತಾನಾಗಿಯೇ ಸಮಮಟ್ಟಕ್ಕೆ ಬರುವ ಏರ್ ಸಸ್ಪೆನ್ಷನ್ ಇರುತ್ತದೆ. ವಿದ್ಯೆ ಹೊಸದೇನಲ್ಲ, ಫ್ರಾನ್ಸಿನ ಸಿಟ್ರೋಯೆನ್ ಕಂಪನಿ 1954ರಲ್ಲೇ ಒಂದು ಕಾರಿನ ಹಿಂಭಾಗಕ್ಕೆ ಎಣ್ಣೆ ಮತ್ತು ಅನಿಲದಿಂದ ಇದೇ ಕೆಲಸ ಮಾಡಿಸಿತ್ತು. ಮೈಸೂರಿನ ಬಸ್ ನಿಲ್ದಾಣದಲ್ಲಿ ಐರಾವತ ಬಸ್ಸು ಆಗಾಗ 'ಉಸ್' ಎನ್ನುವುದನ್ನು ಕೇಳಿದ್ದೀರಲ್ಲ, ಅಲ್ಲಿಯೂ ಸ್ಪ್ರಿಂಗಿನ ಬದಲು ಗಾಳಿಯೇ ಭಾರ ಹೊರುತ್ತದೆ.

ಕಳೆದ ಮಳೆಗಾಲ ಐವತ್ತು ಕಿಲೋದ ನಾಲ್ಕು ಮೂಟೆ ಕಾಫಿ ಹೇರಿ ಮೈಸೂರಿಗೆ ಹೊರಟ ನಮ್ಮ ಕಾರು ಹುಣಸೂರು ದಾಟುವಷ್ಟರಲ್ಲಿ ಹಿಂದಕ್ಕೆ ಕೂತುಬಿಟ್ಟಿತು. ದೀಪ ಆಕಾಶ ನೋಡುತ್ತಿತ್ತು, ಎದುರಿನವರೆಲ್ಲ ಹಾರನ್ ಹೊಡೆಯುವವರೇ. ನಗರದ ಒಂದು ಗ್ಯಾರೇಜಿನವರು ಗಾಳಿಚೀಲ ಎರಡನ್ನೂ ಕಂಪ್ರೆಸರನ್ನೂ ಬದಲಿಸಬೇಕೆಂದರು. ಒಪ್ಪುವುದರಲ್ಲಿದ್ದೆವು. ಅಷ್ಟರಲ್ಲಿ ಪರಿಚಯದ ಹಳೆಯ ಮೆಕ್ಯಾನಿಕ್ ಕೆಳಗೆ ಟಾರ್ಚ್ ಬಿಟ್ಟು, ಬೆರಳುದ್ದದ ಒಂದು ಕಡ್ಡಿ ಕಳಚಿ ನೇತಾಡುತ್ತಿರುವುದನ್ನು ತೋರಿಸಿದರು.

ಮೊದಲು ಹುಡುಕಬೇಕಾದ್ದು ಈ ಕಡ್ಡಿಯನ್ನೇ. ಅದರ ಒಂದು ತುದಿ ಹಿಂದಿನ ಚಕ್ರದ ತೋಳಿಗೆ, ಇನ್ನೊಂದು ತುದಿ ಚಾಸಿಗೆ ಕೂರಿಸಿದ ಎತ್ತರದ ಸೆನ್ಸರಿನ ಸಣ್ಣ ಸನ್ನೆಗೆ ಸೇರಿರುತ್ತದೆ. ಭಾರ ಬಿದ್ದಾಗ ಸನ್ನೆ ತಿರುಗಿ ಸುದ್ದಿ ಕೊಡುತ್ತದೆ. ಕಂಪ್ರೆಸರ್ ಗಾಳಿ ತುಂಬುತ್ತದೆ. ಕಡ್ಡಿ ಕಳಚಿ ಸನ್ನೆ ಕೆಳಕ್ಕೆ ಬಿದ್ದರೆ, ಕಾರು ವಿಪರೀತ ಎತ್ತರದಲ್ಲಿದೆ ಎಂದು ತಿಳಿದು ಯಂತ್ರ ಇದ್ದ ಗಾಳಿಯನ್ನೂ ಬಿಟ್ಟುಬಿಡುತ್ತದೆ! ತೋಟದ ಕೆಸರೇ ಇದರ ಶತ್ರು.

ಗಾಳಿಚೀಲಗಳು ಹಿಂದಿನ ಚಕ್ರಗಳ ಒಳಬದಿಯಲ್ಲಿ, ಸ್ಪ್ರಿಂಗ್ ಇರಬೇಕಾದ ಜಾಗದಲ್ಲಿ ಅಥವಾ ಷಾಕ್ ಅಬ್ಸಾರ್ಬರಿನ ಸುತ್ತ ಇರುತ್ತವೆ. ಅಲ್ಲಿಂದ ಹೊರಟ ತೆಳು ಪ್ಲಾಸ್ಟಿಕ್ ಕೊಳವೆ ಹಿಡಿದು ಹೋದರೆ ಕಂಪ್ರೆಸರ್ ಸಿಗುತ್ತದೆ: ಕೆಲವು ಕಾರುಗಳಲ್ಲಿ ಸ್ಟೆಪ್ನಿಯ ಬಳಿ, ಕೆಲವದರಲ್ಲಿ ಬಾನೆಟ್ಟಿನಡಿ. ಅದಕ್ಕಂಟಿದ ಡಬ್ಬಿಯೇ ತೇವ ಹೀರುವ ಡ್ರೈಯರ್. ರಿಲೇ, ಫ್ಯೂಸುಗಳ ಜಾಗಕ್ಕೆ ಕಾರಿನ ಪುಸ್ತಕವನ್ನೇ ನೋಡಬೇಕು.

ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆಗೆ ಕೂತಿದ್ದರೆ ಸೋರಿಕೆ ಎಂದೇ ತಿಳಿಯಿರಿ; ಕೊಳವೆಯ ಕೀಲುಗಳಿಗೆ, ಚೀಲದ ಮಡಿಕೆಗಳಿಗೆ ಸೋಪುನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಸೋರಿಕೆ ಮುಚ್ಚದೆ ಕಂಪ್ರೆಸರ್ ಬದಲಿಸಿದರೆ, ಹೊಸದೂ ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತದೆ.

ಒಂದು ಎಚ್ಚರಿಕೆ. ಗಾಳಿ ಬಿಟ್ಟರೆ ಬಾಡಿ ಥಟ್ಟನೆ ಇಳಿಯುತ್ತದೆ. ಕೀಲಿ ತೆಗೆದು, ಬಾಡಿಗೆ ಗಟ್ಟಿ ಸ್ಟ್ಯಾಂಡ್ ಕೊಡದ ಹೊರತು ಯಾರೂ ಕೆಳಗೆ ತಲೆ ಹಾಕಕೂಡದು, ಡ್ರೈವರನ್ನೂ ಕಳಿಸಕೂಡದು.

ನಮ್ಮ ಕಡ್ಡಿಯನ್ನು ಒರೆಸಿ, ಮತ್ತೆ ಗುಂಡಿಗೆ ಒತ್ತಿ ಕೂರಿಸಿದ್ದಾಯಿತು. ಮೆಕ್ಯಾನಿಕ್ ಕೂಲಿಯನ್ನಷ್ಟೇ ತೆಗೆದುಕೊಂಡರು.